ಏಳುನೂರ ಹದಿನಾಲ್ಕರ ಮುಂದೆ ಎರಡು ಸೊನ್ನೆ

ನನ್ನ ಹೆಂಡತಿ ಬಸವಣ್ಣೆಮ್ಮನ ವಿಡಿಯೋ ಗೇಮು ನನ್ನ ಕೈಯಲ್ಲೇ ಸತ್ತಿತು. ಮಂಗಳವಾರ ಮಧ್ಯಾಹ್ನ, ಎರಡು ಹೋಳಿಗೆ ಉಂಡಾದ ಮೇಲೆ. ಎರಡು ಎಂದು ಬಾಯಿಗೆ ಬಂತು, ಮೂರಿರಬಹುದು. ಸತ್ತದ್ದರ ಮುಂದೆ ಸುಳ್ಳು ಹೇಳಬಾರದು. ಐದು.

ಅದು ಅಂಗೈಗಿಂತ ತುಸು ಉದ್ದದ ಬೂದು ಬಣ್ಣದ ಯಂತ್ರ. ಅದರ ಪುಟ್ಟ ಕಿಟಕಿಯಲ್ಲಿ ಮೇಲಿನಿಂದ ಕರಿ ಇಟ್ಟಿಗೆಗಳು ಒಂದೊಂದಾಗಿ ಬೀಳುತ್ತವೆ. ಗುಂಡಿ ಒತ್ತಿ ಅವನ್ನು ತಿರುಗಿಸಿ ಸಂದಿಗೆ ಕೂರಿಸಬೇಕು. ಸಾಲು ತುಂಬಿದರೆ ಆ ಸಾಲು ಕರಗಿ ಹೋಗುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು ‘ಇಟ್ಟಿಗಿ’. ನಾನಿದ್ದ ಹತ್ತಿ ಮಿಲ್ಲು ಬಾಗಿಲು ಹಾಕಿದ ವರ್ಷ, ಮಾಡಲು ಕೆಲಸವಿಲ್ಲದೆ ಬಜಾರದಲ್ಲಿ ತಿರುಗುವಾಗ ನಾನೇ ತಂದದ್ದು. ನನಗೆ ಆಡಲು ಬರಲಿಲ್ಲ. ಬಸವಣ್ಣೆಮ್ಮ ಬಾಗಿಲ ಕಟ್ಟೆಯ ಮೇಲೆ ಕುಳಿತು, ಯಂತ್ರವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಆಡತೊಡಗಿದಳು. ಆ ಮಳೆಗಾಲ ಮುಗಿಯುವುದರೊಳಗೆ ಓಣಿಯಲ್ಲಿ ಅವಳನ್ನು ಮೀರಿಸುವವರು ಯಾರೂ ಉಳಿಯಲಿಲ್ಲ.

ಯಂತ್ರ ಒಂದು ದೊಡ್ಡ ಅಂಕೆಯನ್ನು ನೆನಪಿಟ್ಟುಕೊಳ್ಳುತ್ತಿತ್ತು. ಇದುವರೆಗೆ ಆಡಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿನದು. ಅದು ಬಸವಣ್ಣೆಮ್ಮನದು. ಆದರೆ ಆ ಬಡಪಾಯಿ ಯಂತ್ರದ ತಲೆ ಎಷ್ಟು ಚಿಕ್ಕದೆಂದರೆ, ಹಳೆಯ ಸೆಲ್ಲು ತೆಗೆದು ಹೊಸದು ಹಾಕುವ ಆ ಗಳಿಗೆಯಲ್ಲಿ ಎಲ್ಲವನ್ನೂ ಮರೆತು, ಹುಟ್ಟಿದ ಕೂಸಿನ ಹಾಗೆ ಸೊನ್ನೆ ತೋರಿಸುತ್ತಿತ್ತು.

ಇಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ನನ್ನದು ನಾಲ್ಕನೇ ಕ್ಲಾಸು. ವಿದ್ಯೆ ಎಂದರೆ ಮಿಲ್ಲಿನದು. ನೂಲು ತೆಗೆಯುವ ಖಾತೆಯಲ್ಲಿ ಕಡಿದ ಎಳೆ ಸೇರಿಸುವುದು ನನ್ನ ಕೆಲಸವಾಗಿತ್ತು. ಎಳೆ ಕಡಿಯಿತೆಂದು ಯಂತ್ರ ನಿಲ್ಲಿಸುವಂತಿಲ್ಲ. ಅದು ಗರಗರ ತಿರುಗುತ್ತಿರುವಾಗಲೇ ಎರಡು ತುದಿ ಹಿಡಿದು ಹೊಸೆದು ಬಿಡಬೇಕು. ಹಾಗೆಯೇ ಇಲ್ಲಿಯೂ. ಎರಡು ತಂತಿಗೆ ಹೊಸ ಸೆಲ್ಲು ಕಟ್ಟಿ, ತಂತಿಯ ತುದಿಗಳನ್ನು ಯಂತ್ರದ ಸ್ಪ್ರಿಂಗಿಗೆ ತಾಗಿಸಿ ಹಿಡಿದುಕೊಂಡು, ಆಮೇಲೆ ಹಳೆಯ ಸೆಲ್ಲು ತೆಗೆದು, ಆ ಜಾಗಕ್ಕೆ ಇನ್ನೊಂದು ಜೋಡಿ ಕೂರಿಸುವುದು. ಇಟ್ಟಿಗಿಗೆ ತನ್ನ ಹೊಟ್ಟೆ ಬದಲಾದದ್ದೇ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಹೀಗೆ ಆ ಅಂಕೆಯನ್ನು ನಂದಾದೀಪದ ಹಾಗೆ ಕಾಯ್ದೆ. ಯಂತ್ರವನ್ನು ಇಡುತ್ತಿದ್ದದ್ದು ನನ್ನ ಮಿಲ್ಲಿನ ಬುತ್ತಿ ಡಬ್ಬಿಯಲ್ಲಿ. ಆ ಡಬ್ಬಿಯ ಮೇಲೆ ನನ್ನ ಟೋಕನ್ ನಂಬರು, 714, ಮೊಳೆಯಿಂದ ಹೊಡೆದು ಬರೆದದ್ದು ಈಗಲೂ ಇದೆ.

ಆ ಮಂಗಳವಾರ ಬಸವಣ್ಣೆಮ್ಮ ಮನೆಯಲ್ಲಿರಲಿಲ್ಲ. ಹರಿಹರದ ತಂಗಿ ಹಾಲಮ್ಮನ ಮನೆಗೆ ಶಾವಿಗೆ ಹೊಸೆಯಲು ಹಿಂದಿನ ದಿನವೇ ಹೋಗಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು:

“ನಾಳೆ ಸೆಲ್ಲು ಬದಲಿಸ್ರಿ, ಮರೀಬ್ಯಾಡ್ರಿ. ಹೋಳಿಗಿ ಮಾಡಿಟ್ಟೀನಿ. ಮೊದಲು ಹೊಟ್ಟಿ ತುಂಬ ಉಂಡು, ಆಮೇಲೆ ಬದಲಿಸ್ರಿ. ಖಾಲಿ ಹೊಟ್ಟ್ಯಾಗ ಕೈ ನಡುಗ್ತಾವೆ.”

ಎಂಥ ಹೆಂಡತಿ ಎಂದುಕೊಂಡೆ.

ಉಂಡೆ. ತಂತಿ ತಾಗಿಸಿದೆ. ಹಳೆಯ ಸೆಲ್ಲು ತೆಗೆದೆ. ಹೊರಗೆ ಏಪ್ರಿಲ್ ಬಿಸಿಲು ಓಣಿಯನ್ನು ಬಿಳಿ ಮಾಡಿತ್ತು. ಎಲ್ಲಿಯೋ ಹಿಟ್ಟಿನ ಗಿರಣಿ ಗೊಂಯ್ ಎನ್ನುತ್ತಿತ್ತು. ಆ ಸದ್ದು ನಿಧಾನವಾಗಿ ದೊಡ್ಡದಾಯಿತು, ಸಾಲು ಸಾಲಾಗಿ ಹರಡಿತು, ನೋಡಿದರೆ ನಾನು ನಮ್ಮ ಖಾತೆಯಲ್ಲೇ ನಿಂತಿದ್ದೇನೆ. ಹತ್ತಿಯ ಹಿಂಜು ಬೆಳಕಿನಲ್ಲಿ ತೇಲುತ್ತಿದೆ, ಎಲ್ಲರ ಮೀಸೆ ಬೆಳ್ಳಗಾಗಿದೆ. ಒಂದು ಎಳೆ ಕಡಿಯಿತು. ಹಿಡಿಯಲು ಕೈ ಚಾಚಿದೆ. ಎಳೆ ಅಗರಬತ್ತಿಯ ಹೊಗೆಯಂತೆ ಮೇಲೆ ಹೋಯಿತು. ನಾನೂ ಮೇಲೆ ಹೋದೆ. ಬಹಳ ಹಿತವಾಗಿತ್ತು.

ಎದ್ದಾಗ ತಂತಿ ನೆಲದ ಮೇಲಿತ್ತು. ಇಟ್ಟಿಗಿಯ ಕಿಟಕಿ ತೊಳೆದ ತಟ್ಟೆಯಂತೆ ಖಾಲಿಯಾಗಿತ್ತು. ಗಾಬರಿಯಲ್ಲಿ ಸೆಲ್ಲುಗಳನ್ನು ತಿರುಗುಮುರುಗಾಗಿ ತುರುಕಿದೆ. ಒಳಗೆ ಚಿಟ್ಟೆಂದಿತು. ಸುಟ್ಟ ವಾಸನೆ ಬಂತು. ಅಂಕೆ ಹೋದದ್ದಲ್ಲದೆ ಯಂತ್ರವೂ ಹೋಯಿತು.

ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಬರುವ ಭಾನುವಾರ ಹರಿಹರದವರು ಆ ಅಂಕೆ ನೋಡಲು ಬರುವವರಿದ್ದರು.

ಅದರ ಹಿಂದೆ ನಾಲ್ಕು ಕವಡೆಗಳ ಕಥೆಯಿದೆ. ನನ್ನ ಅತ್ತೆ ಚೌಕಾಬಾರ ಆಡಲು ಕುಳಿತರೆ ನೆಲವೇ ಅವರ ಮಾತು ಕೇಳುತ್ತಿತ್ತು. ಅವರು ತೀರಿಕೊಂಡಾಗ ಹೆಣ್ಣುಮಕ್ಕಳಿಬ್ಬರೂ ಒಡವೆಗೆ ಜಗಳವಾಡಲಿಲ್ಲ, ಅವ್ವನ ಕವಡೆಗೆ ಜಗಳವಾಡಿದರು. ಹಿರಿಯರು ಸೇರಿ ನ್ಯಾಯ ಮಾಡಿದರು: ಇಬ್ಬರಿಗೂ ಎರಡೆರಡು. ಎರಡು ಕವಡೆಯಿಂದ ಚೌಕಾಬಾರ ಆಡಲು ಬರುವುದಿಲ್ಲ. ಆವತ್ತಿನಿಂದ ಮೂವತ್ತೊಂದು ವರ್ಷ ನಮ್ಮ ದಾವಣಗೆರೆಯಲ್ಲೂ ಆಟವಿಲ್ಲ, ಹರಿಹರದಲ್ಲೂ ಇಲ್ಲ. ಪೇಟೆಯಲ್ಲಿ ಹಿಡಿಗಟ್ಟಲೆ ಕವಡೆ ಸಿಗುತ್ತವೆ ಎಂದು ನಾನೊಮ್ಮೆ ಹೇಳಿ, ಎರಡು ದಿನ ಬರೀ ಮಜ್ಜಿಗೆ ಅನ್ನ ಉಂಡೆ.

ಈಚೆಗೆ ಹಾಲಮ್ಮನ ಫೋನಿಗೂ ಯಾರೋ ಅದೇ ಹಳೆಯ ಇಟ್ಟಿಗೆ ಆಟ ಹಾಕಿಕೊಟ್ಟಿದ್ದರು. ಕಳೆದ ತಿಂಗಳು ಒಂದು ಮದುವೆಯ ಊಟದ ಸಾಲಿನಲ್ಲಿ ಅಕ್ಕ ತಂಗಿಯರಿಗೆ ಯಾರ ಅಂಕೆ ದೊಡ್ಡದೆಂದು ಮಾತು ಬೆಳೆಯಿತು. ಹಾಲಮ್ಮನ ಗಂಡ, ನನ್ನ ಷಡ್ಡಕ ಮುರುಗೇಶಪ್ಪ, ಗುತ್ತೂರು ಕಡೆಯ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ತಯಾರಾದ ಮಾಲು ಪರೀಕ್ಷೆ ಮಾಡಿ ನಿವೃತ್ತನಾದವನು. ಪಾಯಸದ ದ್ರಾಕ್ಷಿಯನ್ನೂ ಬೆಳಕಿಗೆ ಹಿಡಿದು ನೋಡಿ ತಿನ್ನುವ ಮನುಷ್ಯ. ಅವನು ಎಲೆಯ ಮುಂದೆಯೇ ತೀರ್ಪು ಕೊಟ್ಟ:

“ಕಣ್ಣಿಗೆ ಕಂಡದ್ದು ಖರೆ. ಶಾವಿಗಿ ಕೆಲಸ ಮುಗದ ಭಾನುವಾರ ಬಂದು ನೋಡ್ತೀವಿ. ಯಾರದು ದೊಡ್ಡದೋ ಅವರಿಗೆ ನಾಕೂ ಕವಡಿ.”

ಸಂಜೆ ಬಸವಣ್ಣೆಮ್ಮನ ಫೋನು ಬಂತು.

“ಸೆಲ್ಲು ಬದಲಿಸಿದ್ರಾ?”

“ಬದಲಿಸಿದೆ.”

“ನಿದ್ದಿ ಗಿದ್ದಿ ಬರಲಿಲ್ಲಾ?”

“ಛೇ ಛೇ.”

“ನಂಬರು ಐತಾ?”

“ಎಲ್ಲಿಗೆ ಹೋಗ್ತೈತೆ?”

ಆಮೇಲೆ, “ಹೋಳಿಗಿ ಎಷ್ಟು ತಿಂದ್ರಿ?” ಎಂದಳು.

“ಐದು.”

“ಐದು ತಿಂದೂ ನಿದ್ದಿ ಬರಲಿಲ್ಲಾ?”

ಅವಳ ದನಿ ಇಳಿದು ಹೋಗಿತ್ತು. ಪಾಪ, ನನ್ನ ಆರೋಗ್ಯದ ಚಿಂತೆ ಎಂದುಕೊಂಡೆ.

ಮರುದಿನ ಬೆಳಿಗ್ಗೆಯೇ ಇಟ್ಟಿಗಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪಿ.ಜೆ. ಬಡಾವಣೆಗೆ ಹೋದೆ. ಅಲ್ಲಿ ಒಂದು ಕ್ಲಿನಿಕ್ಕಿನ ಪಕ್ಕ ಸಿಮ್ರಾನಳ ಮೊಬೈಲ್ ರಿಪೇರಿ ಅಂಗಡಿ. ಮಿಲ್ಲಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿದ್ದ ಬಡೇಸಾಬನ ಮಗಳು. ಹಣೆಗೆ ಭೂತಗಾಜು ಕಟ್ಟಿಕೊಂಡು, ಎಳ್ಳಿಗಿಂತ ಸಣ್ಣ ಸಾಮಾನನ್ನು ಚಿಮಟದಲ್ಲಿ ಎತ್ತಿಡುವಾಗ ಅವಳಪ್ಪನದೇ ಕೈ ನೋಡಿದಂತಾಗುತ್ತದೆ.

ಅವಳು ಇಟ್ಟಿಗಿಯ ಬೆನ್ನು ಬಿಚ್ಚಿ ಒಳಗೆ ನೋಡಿ, ಪಕ್ಕದ ಕ್ಲಿನಿಕ್ಕಿನ ಡಾಕ್ಟರಂತೆಯೇ ತಲೆ ಅಲ್ಲಾಡಿಸಿದಳು. “ಹೋಗಿಬಿಟ್ಟೈತೆ ಕಾಕಾ.”

“ಏನೂ ಮಾಡಾಕ ಬರಲ್ವಾ ಮಗಳ?”

“ಇದನ್ನ ಬದುಕಿಸಾಕ ಬರಲ್ಲ. ಇದರಂಗ ನಟನೆ ಮಾಡೋದನ್ನ ಇದರ ಮೈಯಾಗ ಕೂರಿಸಬೋದು. ಎಮುಲೇಟರ್ ಅಂತಾರೆ. ಒಳಗ ಸಣ್ಣ ಹೊಸಾ ಬೋರ್ಡು, ಹೊಸಾ ಸ್ಕ್ರೀನು. ಹಳೇ ಯಂತ್ರ ಹೆಂಗ್ ನಡೀತಿತ್ತೋ ಹಂಗೇ ಅದು ವೇಷ ಹಾಕ್ಕೊಂಡು ನಡೀತೈತೆ.”

ನನಗೆ ಥಟ್ಟನೆ ಅರ್ಥವಾಯಿತು. ದೊಡ್ಡಾಟದಲ್ಲಿ ನಮ್ಮ ದರ್ಜಿ ದುರ್ಯೋಧನನಾಗುವ ಹಾಗೆ. “ಅದಕ್ಕ ನಮ್ಮಾಕಿ ನಂಬರು ನೆನಪಿರ್ತೈತಾ?”

“ಅದಕ್ಕೆಂಗ್ ಗೊತ್ತಾಗ್ಬೇಕು? ನೀವು ಹೇಳ್ರಿ, ನಾನು ಬರೀತೀನಿ. ಎಷ್ಟಿತ್ತು?”

ಈಗ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಓಣಿಯಲ್ಲಿ ಏನು ತಕರಾರು ಬಂದರೂ ‘ಹುಲಿಯಪ್ಪನ್ನ ಕೇಳ್ರಿ’ ಎನ್ನುತ್ತಾರೆ. ಯಾವ ವರ್ಷ ಕೆರೆ ಕೋಡಿ ಬಿತ್ತು, ಯಾರ ಮದುವೆಯಲ್ಲಿ ಸಾರು ಸಾಲದೆ ಹೋಯಿತು, ಯಾರ ಎಮ್ಮೆ ಯಾವ ವಾರ ಈಯಿತು, ಎಲ್ಲ ನನ್ನ ತಲೆಯಲ್ಲಿದೆ. ನಮ್ಮ ಖಾತೆಯ ಅರವತ್ತು ಜನರ ಟೋಕನ್ ನಂಬರು ಇಂದಿಗೂ ಹೇಳಬಲ್ಲೆ. ಆದರೆ ಇಪ್ಪತ್ತೈದು ವರ್ಷ ನನ್ನ ಕೈಯಾರೆ ಕಾಯ್ದ ಆ ಅಂಕೆ? ಅದು ಐದು ಅಂಕಿಯದು ಎನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಕಡಿದದ್ದನ್ನು ಸೇರಿಸುವವನು ಎಳೆಯ ತುದಿ ನೋಡುತ್ತಾನೆ, ಬಟ್ಟೆ ನೋಡುವುದಿಲ್ಲ.

“ನಾಳೆ ಹೇಳ್ತೀನಿ,” ಎಂದೆ.

ಗುರುವಾರ ಹೋದಾಗ ಇಟ್ಟಿಗಿ ಬದುಕಿತ್ತು. ಅದೇ ಮೈ, ಅದೇ ಗುಂಡಿ, ಅದೇ ಕರಿ ಇಟ್ಟಿಗೆಗಳು. ಆದರೆ ನನಗೆ ಸಮಾಧಾನವಾಗಲಿಲ್ಲ. ಅದು ಬಹಳ ಚೆನ್ನಾಗಿತ್ತು.

“ಮಗಳ, ಈ ಎಡಗಡೆ ಗುಂಡಿ ಒಂದೇ ಸಲಕ್ಕ ಕೇಳ್ತೈತಲ್ಲ?”

“ಹೌದು ಕಾಕಾ, ಹೊಸಾದು ಹಾಕೀನಿ.”

“ನಮ್ಮದು ಎರಡು ಸಲ ಒತ್ತಬೇಕಿತ್ತು. ಮಿರ್ಚಿ ತಿಂದ ಕೈಯಾಗ ಆಡಿ ಎಣ್ಣಿ ಇಳಿದಿತ್ತು. ಒಂದೀಟು ಕೆಡಿಸಾಕ ಬರ್ತೈತಾ?”

ಸಿಮ್ರಾನ್ ಭೂತಗಾಜನ್ನು ಹಣೆಯ ಮೇಲೆ ಸರಿಸಿ ನನ್ನನ್ನೇ ನೋಡಿದಳು. ಆಮೇಲೆ ಏನೂ ಕೇಳದೆ ಕೆಡಿಸಿದಳು. ಅಪ್ಪನ ಮಗಳು.

ನನ್ನ ನೆನಪಿನ ಬಾಗಿಲು ತೆರೆದದ್ದು ಆಗ. ಅಂಕೆ ನೆನಪಾಗಲಿಲ್ಲ, ಊನಗಳೆಲ್ಲ ನೆನಪಾದವು. ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚೌಕ ಎಂದೂ ಕಪ್ಪಾಗುತ್ತಿರಲಿಲ್ಲ. ಅಲ್ಲಿ ಇಟ್ಟಿಗೆ ಇದ್ದರೂ ಇಲ್ಲದಂತೆ ಕಾಣುತ್ತಿತ್ತು, ಬಸವಣ್ಣೆಮ್ಮ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಆಡುತ್ತಿದ್ದಳು. ಆಟ ಜೋರಾದಾಗ ಬೀಳುವ ಇಟ್ಟಿಗೆಯ ಹಿಂದೆ ಅದರದೇ ನೆರಳು, ತಾಯಿಯ ಸೆರಗು ಹಿಡಿದ ಕೂಸಿನ ಹಾಗೆ, ಸ್ವಲ್ಪ ತಡವಾಗಿ ಬರುತ್ತಿತ್ತು. ನಾಲ್ಕು ಸಾಲು ಒಮ್ಮೆಗೇ ಕರಗಿದರೆ ಯಂತ್ರಕ್ಕೆ ತಲೆ ತಿರುಗಿ, ಅದರ ಹಾಡು ಅರ್ಧ ಉಸಿರು ನಿಂತು ಮತ್ತೆ ಶುರುವಾಗುತ್ತಿತ್ತು. ಆ ಅರ್ಧ ಉಸಿರಿನಲ್ಲಿ ಅವಳು ಒಮ್ಮೆ ನನ್ನ ಕಡೆ ನೋಡಿ ನಗುತ್ತಿದ್ದಳು.

ಶುಕ್ರವಾರ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕ್ಲಿನಿಕ್ಕಿನಲ್ಲಿ ಪಾಳಿ ಹಚ್ಚಿದವರೂ ಫ್ಯಾನಿನ ಗಾಳಿಗೆಂದು ಬಂದು ಕೂತಿದ್ದರು. ನಾನು ನನ್ನ ಪಾಡಿಗೆ, “ಇನ್ನೊಂದೀಟು ಕೆಡಿಸವ್ವ, ಇನ್ನೂ ಛಲೋ ಐತೆ,” ಎನ್ನುತ್ತಿದ್ದೆ.

ಫೋನಿನ ಗಾಜು ಬದಲಿಸಲು ಬಂದಿದ್ದ, ನಮ್ಮ ಓಣಿಯವರೇ ಆದ ಪಾಲಿಕೆಯ ಲೈಸೆನ್ಸು ಇನ್ಸ್‌ಪೆಕ್ಟರು ಬಕ್ಕೇಶಪ್ಪನವರ ಕಿವಿ ನೆಟ್ಟಗಾಯಿತು. “ಏನ್ರೀ ಇದು? ಬೋರ್ಡಿನ ಮ್ಯಾಲೆ ರಿಪೇರಿ ಅಂತ ಐತೆ. ಕೆಡಿಸೋದಕ್ಕ ಲೈಸೆನ್ಸು ತಗಂಡೀರೇನು?”

ಸಿಮ್ರಾನ್ ತಲೆ ಎತ್ತಲಿಲ್ಲ. “ಸರ್, ಇದು ಮೊದಲು ಹೆಂಗ್ ಕೆಟ್ಟಿತ್ತೋ ಹಂಗೇ ಕೆಡಬೇಕು. ಒಂದು ಕೂದಲು ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಯಂತ್ರಕ್ಕ ಬರೋದನ್ನ ಕಲಿಸೋದು ಸುಲಭ, ಬರದೇ ಇರೋದನ್ನ ಕಲಿಸೋದು ಭಾಳ ಕಷ್ಟ. ಇದಕ್ಕ ರಿಪೇರಿ ಅನ್ನದೆ ಏನಂತೀರಿ?”

ಬಕ್ಕೇಶಪ್ಪನವರು ಯೋಚಿಸಿದರು. ನಿಯಮದಲ್ಲಿ ಇದಕ್ಕೆ ಕಲಂ ಇರಲಿಲ್ಲವೆಂದು ಕಾಣುತ್ತದೆ. ಇಟ್ಟಿಗಿಯನ್ನು ಕೈಗೆ ತೆಗೆದುಕೊಂಡು ಎಡಗಡೆ ಗುಂಡಿ ಒತ್ತಿದರು. ಕೇಳಲಿಲ್ಲ. ಮತ್ತೊಮ್ಮೆ ಒತ್ತಿದರು. ಅವರ ಮುಖ ಸಡಿಲಾಯಿತು.

“ನಮ್ಮನಿ ರೇಡಿಯೋ ಹಿಂಗೇ ಇತ್ತು ನೋಡ್ರಿ,” ಎಂದರು ಮೆಲ್ಲಗೆ. “ನೆತ್ತಿ ಮ್ಯಾಲೆ ಒಂದು ಏಟು ಕೊಡೋ ತನಕ ವಾರ್ತೆ ಹೇಳ್ತಿರಲಿಲ್ಲ.”

ಬಿ.ಪಿ. ತೋರಿಸಲು ಬಂದ ಹೆಂಗಸೊಬ್ಬರು, ತಮ್ಮ ಹೊಲಿಗೆ ಮಷೀನು ಗಂಡ ಮನೆಯಲ್ಲಿದ್ದರೆ ನಡೆಯುತ್ತಿರಲಿಲ್ಲ ಎಂದರು. ಮೂಲೆಯ ಮುದುಕರಿಗೆ ತಮ್ಮ ಸೈಕಲ್ಲು ಎಡಕ್ಕೆ ಮಾತ್ರ ಸುಲಭವಾಗಿ ತಿರುಗುತ್ತಿದ್ದದ್ದು, ಅದಕ್ಕಾಗಿ ಊರನ್ನು ಎಡಗಡೆಯಿಂದಲೇ ಸುತ್ತಿ ಮನೆ ಸೇರುತ್ತಿದ್ದದ್ದು ನೆನಪಾಯಿತು. ಫ್ಯಾನು ಟಕಟಕ ಎನ್ನುತ್ತ ತಿರುಗಿತು. ಎಲ್ಲರೂ ತಮ್ಮ ತಮ್ಮ ಕೆಟ್ಟ ಸಾಮಾನುಗಳ ಜೊತೆ ಎಲ್ಲೆಲ್ಲಿಯೋ ಹೋಗಿಬಿಟ್ಟಿದ್ದರು. ಕ್ಲಿನಿಕ್ಕಿನಿಂದ ನರ್ಸು ಬಂದು ಹನ್ನೊಂದನೇ ನಂಬರು ಯಾರು ಎಂದು ಮೂರು ಸಲ ಕೂಗಿದಳು. ಯಾರೂ ಏಳಲಿಲ್ಲ.

ಆ ಗುಂಗಿನ ನಡುವೆ ಸಿಮ್ರಾನ್ ಕೇಳಿದಳು: “ಕಾಕಾ, ಎಲ್ಲಾ ಕೆಟ್ಟಂಗಾತು. ಈಗ ನಂಬರ್ ಹೇಳ್ರಿ.”

“ಹುಲಿಯಪ್ಪನವರಿಗೆ ಅದೊಂದು ಕೇಳಬೇಕಾ?” ಎಂದರು ಬಕ್ಕೇಶಪ್ಪನವರು ಹೆಮ್ಮೆಯಿಂದ. “ನಲವತ್ತು ವರ್ಷದ ಹಿಂದಿನ ಮಳಿ ಯಾವ ವಾರ ಬಂತು ಅಂತ ಹೇಳೋರು.”

ಹತ್ತು ಜೋಡಿ ಕಣ್ಣು ನನ್ನ ಬಾಯನ್ನೇ ನೋಡಿದವು. ಹಿಂದಿನ ಸಂಜೆ ನಾನು ಮುರುಗೇಶಪ್ಪನಿಗೆ ಫೋನು ಮಾಡಿ ಹಾಲಮ್ಮನ ಅಂಕೆ ಎಷ್ಟೆಂದು ಮೆಲ್ಲಗೆ ಕೇಳಿದ್ದೆ. ‘ಎಪ್ಪತ್ತು ಸಾವಿರದ ಇನ್ನೂರು, ಅಣ್ಣಾ! ಖುದ್ದು ಪರೀಕ್ಷೆ ಮಾಡೀನಿ,’ ಎಂದಿದ್ದ. ಅದು ತಲೆಯಲ್ಲಿ ಸುತ್ತುತ್ತಿತ್ತು. ಬಾಯಿ ತೆರೆದೆ. ಮಿಲ್ಲಿನ ಗೇಟಿನಲ್ಲಿ ಮೂವತ್ತು ವರ್ಷ ಹೇಳಿದ ನಂಬರೇ ಹೊರಗೆ ಬಂತು.

“ಏಳುನೂರ ಹದಿನಾಲ್ಕು.”

“ಇಷ್ಟೇನಾ?” ಎಂದಳು ಸಿಮ್ರಾನ್.

“ಅದರ ಮುಂದೆ ಎರಡು ಸೊನ್ನೆ,” ಎಂದೆ.

ಎಪ್ಪತ್ತೊಂದು ಸಾವಿರದ ನಾನೂರು. ಅಂಗಡಿಯಲ್ಲಿದ್ದವರೆಲ್ಲ ನಿಟ್ಟುಸಿರು ಬಿಟ್ಟರು. ನನ್ನ ನೆನಪಿನ ಶಕ್ತಿಗೆ ಬಕ್ಕೇಶಪ್ಪನವರು ಕೈ ಮುಗಿದರು.

ಭಾನುವಾರ ಹತ್ತು ಗಂಟೆಗೆ ಹರಿಹರದ ಬಸ್ಸಿನಿಂದ ಮೂವರೂ ಇಳಿದು ಬಂದರು. ಮುಂದೆ ಮುರುಗೇಶಪ್ಪ, ನಡುವೆ ಶಾವಿಗೆಯ ಡಬ್ಬಿ ಹೊತ್ತ ಹಾಲಮ್ಮ, ಹಿಂದೆ ಬಸವಣ್ಣೆಮ್ಮ. ಅವಳು ನಡೆಯುತ್ತಿದ್ದ ರೀತಿ ನೋಡಿದರೆ ಪರೀಕ್ಷೆಯ ಫಲಿತಾಂಶಕ್ಕೆ ಹೋಗುವವರಂತಿತ್ತು. ಒಳಗೆ ಬಂದವಳೇ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು:

“ಖರೇ ಹೇಳ್ರಿ. ಸೆಲ್ಲು ಬದಲಿಸುವಾಗ ಏನೂ ಆಗಲಿಲ್ಲಾ? ಆಗಿದ್ರೆ ಹೇಳ್ರಿ, ನಾನೇನೂ ಸಿಟ್ಟು ಮಾಡಲ್ಲ.”

“ನನ್ನ ಕೈಯಾಗ ಎಳೆ ಕಡಿಯೋದುಂಟೇ?” ಎಂದೆ.

ಅವಳು ಕೈಯಲ್ಲಿದ್ದ ಚೊಂಬನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು.

ಬಾಗಿಲ ಕಟ್ಟೆಯ ಬಿಸಿಲಿನಲ್ಲಿ ನಾನು ಬುತ್ತಿ ಡಬ್ಬಿ ತೆರೆದು, ಇಟ್ಟಿಗಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟೆ. ಮುರುಗೇಶಪ್ಪ ಗುಂಡಿ ಒತ್ತಿದ. ಗೊಗ್ಗರು ದನಿಯಲ್ಲಿ ಹಾಡು ಬಂತು. ಅಂಕೆ ಮೂಡಿತು.

ಬಸವಣ್ಣೆಮ್ಮ ಅಂಕೆ ನೋಡಿದಳು. ನನ್ನನ್ನು ನೋಡಿದಳು. ನನ್ನ ತೊಡೆಯ ಮೇಲಿದ್ದ ಡಬ್ಬಿಯನ್ನು ನೋಡಿದಳು. ಆ ಡಬ್ಬಿಗೆ ಮೂವತ್ತು ವರ್ಷ ಅನ್ನ ತುಂಬಿ, ತೊಳೆದು, ಬೋರಲು ಹಾಕಿದವಳು ಅವಳು. ಮತ್ತೆ ಅಂಕೆ ನೋಡಿದಳು. ತುಟಿ ಬಿಗಿದುಕೊಂಡಳು.

ಮುರುಗೇಶಪ್ಪ ಇಟ್ಟಿಗಿಯನ್ನು ಅಂಗೈಯಲ್ಲಿ ತೂಗಿದ. “ತೂಕ ಕಮ್ಮಿ ಆಗೇತಲ್ಲ ಅಣ್ಣಾ?”

“ವಯಸ್ಸಾದ ಮ್ಯಾಲೆ ಯಾರು ಕಮ್ಮಿ ಆಗಲ್ಲಪ್ಪ?”

ಹಾಲಮ್ಮ ಅದನ್ನು ಕಸಿದುಕೊಂಡು ಆಡಿದಳು. ಎಡಗಡೆ ಗುಂಡಿ ಎರಡನೇ ಸಲಕ್ಕೆ ಕೇಳಿತು. ಮೂಲೆಯ ಚೌಕ ಕಾಣಲಿಲ್ಲ. ನೆರಳು ಹಿಂದೆ ಹಿಂದೆ ಬಂತು. “ಅಯ್ಯೋ, ಅದೇ ಮೂಳ!” ಎಂದು ಅವಳು ಸೋತ ಸಿಟ್ಟಿನಲ್ಲೂ ನಕ್ಕಳು. “ಇದು ಅಕ್ಕನ ಇಟ್ಟಿಗೀನೇ ರೀ. ಇಷ್ಟು ಕೆಟ್ಟದ್ದು ಊರಾಗ ಇನ್ನೊಂದಿಲ್ಲ.”

ನನ್ನ ಎದೆ ಉಬ್ಬಿತು. ಹಾಲಮ್ಮ ಸೆರಗಿನ ಗಂಟು ಬಿಚ್ಚಿ, ಎರಡು ಕವಡೆ ತೆಗೆದು, ಒಮ್ಮೆ ಕಣ್ಣಿಗೊತ್ತಿಕೊಂಡಳು. ಕೊಡಲು ಕೈ ಚಾಚಿದಳು. ಬಸವಣ್ಣೆಮ್ಮ ತೆಗೆದುಕೊಳ್ಳಲಿಲ್ಲ.

“ಬಿಸಿಲು ಸುಡ್ತೈತೆ, ಮೊದಲು ಒಳಗ ಬರ್ರಿ. ಮಂಡಕ್ಕಿ ಕಲಸ್ತೀನಿ,” ಎಂದಳು.

ನಮ್ಮ ನಡುಮನೆ ಹಳೆಯದು. ಕಿಟಕಿಯಿಲ್ಲ, ಹಗಲೂ ಬಲ್ಬು ಬೇಕು. ಎಲ್ಲರೂ ಕುಳಿತೆವು. ಹಾಲಮ್ಮ ಇಟ್ಟಿಗಿಯನ್ನು ಬಿಡದೆ ಇನ್ನೊಂದು ಆಟ ಶುರು ಮಾಡಿದ್ದಳು. ಆಗ ಕರೆಂಟು ಹೋಯಿತು.

ಹಾಲಮ್ಮನ ಮುಖ ಮಾತ್ರ ಕತ್ತಲಲ್ಲಿ ತೇಲುತ್ತಿತ್ತು. ತಿಂಗಳ ಬೆಳಕು ಬಿದ್ದಂತೆ ಹಣೆಯ ವಿಭೂತಿ, ಮೂಗುತಿ ಎಲ್ಲ ಹೊಳೆಯುತ್ತಿದ್ದವು. ಆ ಬೆಳಕಿಗೆ ಬಸವಣ್ಣೆಮ್ಮನ ಮುಖವೂ ಕಂಡಿತು, ಮುರುಗೇಶಪ್ಪನ ಮೂಗೂ ಕಂಡಿತು. ಎಷ್ಟು ಚೆಂದ ಎಂದುಕೊಂಡೆ. ಆಮೇಲೆ ಆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿದೆ.

“ಅಕ್ಕಾ,” ಎಂದಳು ಹಾಲಮ್ಮ ನಿಧಾನವಾಗಿ, “ನಿನ್ನ ಇಟ್ಟಿಗಿ ಯಾವಾಗಿನಿಂದ ದೀಪ ಹಚ್ಚಿಕೊಂತು?”

ಊನಗಳನ್ನೆಲ್ಲ ಕೂಡಿಸಿದ್ದೆ. ಎಲ್ಲಕ್ಕಿಂತ ದೊಡ್ಡ ಊನವನ್ನೇ ಮರೆತಿದ್ದೆ. ಆ ಬಡ ಯಂತ್ರಕ್ಕೆ ಸ್ವಂತ ಬೆಳಕೇ ಇರಲಿಲ್ಲ. ಅದಕ್ಕೇ ಅಲ್ಲವೇ ಇವಳು ಇಪ್ಪತ್ತೈದು ವರ್ಷ ಕಟ್ಟೆಯ ಬಿಸಿಲಿನಲ್ಲಿ ಕುಳಿತದ್ದು?

“ನಂದೇ ತಪ್ಪು,” ಎಂದೆ. “ಮಂಗಳವಾರ ನಿದ್ದಿ ಬಂತು. ನಂಬರು ಹೋತು. ಇದು ಸಿಮ್ರಾನ್ ಮಾಡಿಕೊಟ್ಟ ವೇಷ.”

“ಹಂಗಾದ್ರ ನಿದ್ದಿ ಬಂದಿತ್ತಾ?” ಎಂದು ಬಸವಣ್ಣೆಮ್ಮ ಎದ್ದೇ ನಿಂತಳು. “ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ರೀ ನಿಮಗ? ನಿದ್ದಿ ಬರಲಿ ಅಂತಾನೇ ಅಷ್ಟು ತುಪ್ಪ ಹಾಕಿ ಹೋಳಿಗಿ ಮಾಡಿಟ್ಟು ಹೋಗಿದ್ದು ನಾನು!”

ನನಗೆ ಕರೆಂಟು ಹೋದದ್ದು ಎರಡನೇ ಸಲ.

ಅವಳು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ನನಗೆ ಟೈಫಾಯ್ಡ್ ಆಗಿ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ್ದ ವರ್ಷವೇ ಸೆಲ್ಲು ಸತ್ತು, ಅವಳ ದೊಡ್ಡ ಅಂಕೆ ಹೋಗಿತ್ತು. ಆಮೇಲೆ ಎಷ್ಟು ಆಡಿದರೂ ಹನ್ನೊಂದು ಸಾವಿರ ದಾಟಲಿಲ್ಲ. “ಈ ಮನುಷ್ಯ ಜ್ವರದಿಂದ ಎದ್ದು ಬಂದು, ನಡುಗೋ ಕೈಯಾಗ ತಂತಿ ಹಿಡಕೊಂಡು ಕೂತಿದ್ದು ನೋಡಿ ನನಗ ಹೇಳಾಕ ಬಾಯಿ ಬರಲಿಲ್ಲ. ಹದಿನಾರು ವರ್ಷ ಆತು. ಈಗ ನೀವು ನೋಡಾಕ ಬರ್ತೀವಿ ಅಂದ್ರಿ. ಹನ್ನೊಂದು ಸಾವಿರ ಹೆಂಗ್ ತೋರಿಸ್ಲಿ? ಇವರ ನಿದ್ದಿಯಾಗ ಹೋತು ಅಂದ್ರ ನನ್ನ ಮರ್ಯಾದಿ ಉಳೀತಿತ್ತು.”

“ನನ್ನ ಮರ್ಯಾದಿ?” ಎಂದೆ.

“ನಿಮ್ಮ ನಿದ್ದಿಗೆ ಎಲ್ಲೈತ್ರೀ ಮರ್ಯಾದಿ?”

ಹದಿನಾರು ವರ್ಷ ನಾನು ಹನ್ನೊಂದು ಸಾವಿರವನ್ನು ನಂದಾದೀಪದಂತೆ ಕಾಯ್ದಿದ್ದೆ. ಯಾಕೋ ಅದರಿಂದ ಬೇಸರವಾಗಲಿಲ್ಲ. ಎಳೆ ಕಡಿದಿರಲಿಲ್ಲವಲ್ಲ.

ಮುರುಗೇಶಪ್ಪ ತೊಡೆ ತಟ್ಟಿದ. “ಹಂಗಾದ್ರ ತೀರ್ಪು ಆತು! ಹರಿಹರಕ್ಕ ಜಯ. ತರ್ರಿ ಎರಡು ಕವಡಿ. ನಾವು ಖರೇ ಮಾಲು ತಂದೀವಿ.” ಹಾಲಮ್ಮನ ಫೋನು ತೆಗೆದು ಎಲ್ಲರ ಮುಂದೆ ಹಿಡಿದ. ಎಪ್ಪತ್ತು ಸಾವಿರದ ಇನ್ನೂರು. “ಈಕಿ ಸೋಲೋದೇ ಇಲ್ಲ ಅಣ್ಣಾ. ಇದರಾಗ ಎಂಥ ಅನುಕೂಲ ಐತೆ ನೋಡ್ರಿ. ಇಟ್ಟಿಗಿ ತಪ್ಪು ಕಡೆ ಬಿತ್ತಾ? ಇಲ್ಲಿ ಒತ್ತಬೇಕು. ಆಟ ಹಿಂದಕ್ಕ ಹೋಗ್ತೈತೆ! ಬಿದ್ದ ಇಟ್ಟಿಗಿ ತಿರುಗಿ ಮ್ಯಾಲೆ ಏರ್ತೈತೆ! ಸರಿಯಾಗೋ ತನಕ ನೂರು ಸಲ...”

“ಬಾಯಿ ಮುಚ್ಚಿರಿ,” ಎಂದಳು ಹಾಲಮ್ಮ.

ಮುರುಗೇಶಪ್ಪ ಬಾಯಿ ಮುಚ್ಚಿದ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಅವನಿಗಿರಲಿಲ್ಲ.

ಮೊದಲು ನಕ್ಕವಳು ಬಸವಣ್ಣೆಮ್ಮ. ಆಮೇಲೆ ಹಾಲಮ್ಮ. ಅಕ್ಕ ತಂಗಿಯರಿಬ್ಬರೂ ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಗು ಮುಗಿದ ಮೇಲೆ ಬಸವಣ್ಣೆಮ್ಮ ಎದ್ದು ದೇವರ ಗೂಡಿನಿಂದ ತನ್ನ ಎರಡು ಕವಡೆ ತಂದಳು. ಹಾಲಮ್ಮ ತನ್ನೆರಡನ್ನು ಪಕ್ಕಕ್ಕಿಟ್ಟಳು. ನಾಲ್ಕೂ ನೆಲದ ಮೇಲೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಮೂವತ್ತೊಂದು ವರ್ಷ ನಾನು ಆ ಸದ್ದನ್ನು ಕೇಳಿರಲಿಲ್ಲ.

“ಕವಡಿ ಆಡೇ ತಗೋಬೇಕು,” ಎಂದಳು ಹಾಲಮ್ಮ. “ಗೆದ್ದೋರಿಗೆ ನಾಕೂ.”

“ಹಿಂದಕ್ಕ ಹೋಗೋದಿಲ್ಲ ಮತ್ತ,” ಎಂದಳು ಬಸವಣ್ಣೆಮ್ಮ.

ಸುಣ್ಣದ ಕಡ್ಡಿಯಲ್ಲಿ ಇಪ್ಪತ್ತೈದು ಮನೆ ಬರೆದರು. ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಬಳೆಚೂರು. ಕರೆಂಟು ಬಂದದ್ದನ್ನು ಯಾರೂ ಗಮನಿಸಲಿಲ್ಲ. “ಚೌಕ!” “ಬಾರ!” “ಕಡದೆ ನೋಡು!” ಎನ್ನುವ ದನಿಗಳು ಚಿಕ್ಕ ಹುಡುಗಿಯರ ದನಿಗಳಾಗುತ್ತ ಹೋದವು. ಮುರುಗೇಶಪ್ಪ ಒಂದೊಂದು ಕವಡೆಯನ್ನೂ ಬೆಳಕಿಗೆ ಹಿಡಿದು ಪಾಸು ಮಾಡಿದ. ನಾನು ಗೋಡೆಗೆ ಒರಗಿ, ಹತ್ತಿಯ ಹಿಂಜು ತೇಲುವುದನ್ನು ನೋಡುತ್ತ ಕುಳಿತೆ.

ಸಂಜೆ ಬಸ್ಸಿನ ಹೊತ್ತಾದರೂ ಆಟ ಮುಗಿಯಲಿಲ್ಲ. ಹಾಲಮ್ಮನ ಮೂರು ಕಾಯಿ ಹಣ್ಣಾಗಿದ್ದವು, ಬಸವಣ್ಣೆಮ್ಮನದು ಒಂದು. ಮುಂದಿನ ಭಾನುವಾರ ಇಲ್ಲಿಂದಲೇ ಮುಂದುವರಿಸುವುದೆಂದು ಮಾತಾಯಿತು. ಕಾಯಿ, ಕವಡೆ ಇದ್ದ ಹಾಗೆಯೇ ಇರಲೆಂದು ಮನೆಗಳ ಮೇಲೆ ದೊಡ್ಡ ಬಿದಿರು ಬುಟ್ಟಿ ಬೋರಲು ಹಾಕಿದರು. ಹಾಲಮ್ಮ ಬಾಗಿಲಲ್ಲಿ ನನ್ನ ಕಡೆ ತಿರುಗಿದಳು.

“ಭಾವ, ಇದನ್ನ ನೀವು ಕಾಯಬೇಕು. ನಿಮ್ಮ ಕೈಯಾಗ ಎಳೆ ಕಡಿಯಲ್ಲ ಅಂತ ಹೇಳ್ತಾರೆ.”

ಆ ಮಾತನ್ನು ಅವಳು ನಗದೇ ಹೇಳಿದಳು. ನಾನೂ ನಗದೇ ಒಪ್ಪಿಕೊಂಡೆ.

ಸೋಮವಾರ ಮಧ್ಯಾಹ್ನ ಊಟಕ್ಕೆ ಕುಳಿತರೆ ಹೋಳಿಗೆ. ಕೇಳದೆಯೇ ತಟ್ಟೆಗೆ ಐದು ಬಿದ್ದವು. ತುಪ್ಪ ಅಂಚಿನವರೆಗೆ ಬಂದು ನಿಂತಿತು.

“ಉಂಡ ಮ್ಯಾಲೆ ಒಂದೀಟು ಅಡ್ಡಾಗ್ರಿ,” ಎಂದಳು ಬಸವಣ್ಣೆಮ್ಮ, ಬಹಳ ಮೃದುವಾಗಿ. “ವಾರವೆಲ್ಲಾ ದಣದೀರಿ. ಬುಟ್ಟಿ ನಾನು ನೋಡಿಕೊಂತೀನಿ.”

ಉಂಡೆ. ಬುಟ್ಟಿಯ ಪಕ್ಕವೇ ಚಾಪೆ ಹಾಸಿದೆ. ಒಂದು ನೂಲಿನ ಎಳೆ ತೆಗೆದು, ಒಂದು ತುದಿಯನ್ನು ಬುಟ್ಟಿಯ ಕಡ್ಡಿಗೆ, ಇನ್ನೊಂದನ್ನು ನನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿ ಮಲಗಿದೆ. ಹಿಟ್ಟಿನ ಗಿರಣಿ ಗೊಂಯ್ ಎಂದಿತು. ಬೆಳಕಿನಲ್ಲಿ ಹಿಂಜು ತೇಲತೊಡಗಿತು. ಸಾಲು ಸಾಲು ಎಳೆಗಳು, ಒಂದೂ ಕಡಿದಿಲ್ಲ.

ಎಷ್ಟು ಹೊತ್ತಾಯಿತೋ. ಹೆಬ್ಬೆರಳು ಸಣ್ಣಗೆ ಬಿಗಿಯಿತು.

ಕಣ್ಣು ತೆರೆಯದೆಯೇ ಕೇಳಿದೆ: “ಯಾರದು?”

“ಬೆಕ್ಕು ರೀ,” ಎಂದಿತು ಬೆಕ್ಕು.